ಬಿಸಿಗಾಳಿಯ ಎಚ್ಚರಿಕೆ ಯಾರ ಬಾಗಿಲನ್ನು ತಟ್ಟಬೇಕು?

ಬಿಸಿಲಿನ ತಾಪಕ್ಕೆ ಬಲಿಯಾದವರ ಮಾತು ಬಂದಾಗ ನಮ್ಮ ಗಮನ ಮಧ್ಯಾಹ್ನದ ರಸ್ತೆಯ ಕಡೆಗೇ ಹೋಗುತ್ತದೆ. ಆದರೆ 1995ರ ಜುಲೈನಲ್ಲಿ ಶಿಕಾಗೋದಲ್ಲಿ 700ಕ್ಕೂ ಹೆಚ್ಚು ಮಂದಿ, 2003ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಸುಮಾರು 15,000 ಮಂದಿ ತೀರಿಕೊಂಡಾಗ ಅವರಲ್ಲಿ ಹೆಚ್ಚಿನವರು ವಯಸ್ಸಾದವರಾಗಿದ್ದರು. ಒಂಟಿಯಾಗಿ ಬದುಕುತ್ತಿದ್ದ ಅನೇಕರು ಮನೆಯೊಳಗೇ ಸತ್ತಿದ್ದರು.

ದೇಹವು ಬಿಸಿಲ ಕಾಲದಲ್ಲಿ ಶಾಖವನ್ನು ಹೊರಹಾಕುವ ಮುಖ್ಯ ದಾರಿಯೆಂದರೆ ಬೆವರು ಆರುವುದು. ಗಾಳಿಯಲ್ಲಿ ತೇವಾಂಶ ಹೆಚ್ಚಿದಾಗ ಬೆವರು ಆರದೆ ಸುಮ್ಮನೆ ಸುರಿದುಹೋಗುವುದರಿಂದ, ತಾಪಮಾನದ ಅಂಕಿಯೊಂದನ್ನೇ ನೋಡಿ ಅಪಾಯವನ್ನು ಅಳೆಯಲಾಗದು. ಭೂಮಿ ಬಿಸಿಯಾದಂತೆ ರಾತ್ರಿಗಳೂ ಬಿಸಿಯಾಗುತ್ತಿವೆ. ರಾತ್ರಿಯೂ ತಂಪಾಗದಿದ್ದರೆ ಹಗಲಿಡೀ ದುಡಿದ ಹೃದಯಕ್ಕೆ ಬಿಡುವೇ ಇರುವುದಿಲ್ಲ. ಇದರ ಜೊತೆಗೆ, ವಯಸ್ಸಾದಂತೆ ಬಾಯಾರಿಕೆ ತಿಳಿಯುವುದು ಕಡಿಮೆಯಾಗುತ್ತದೆ, ರಕ್ತದೊತ್ತಡಕ್ಕೆಂದು ಕೊಡುವ ಮೂತ್ರವರ್ಧಕ ಮಾತ್ರೆಗಳು ದೇಹದ ನೀರನ್ನು ಇಳಿಸುತ್ತವೆ, ಮಾನಸಿಕ ಕಾಯಿಲೆಯ ಕೆಲವು ಔಷಧಗಳು ಬೆವರುವುದನ್ನೇ ತಗ್ಗಿಸುತ್ತವೆ. (ಹಾಗೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.) ಬಾಯಾರಿಕೆಯೇ ಆಗದವರಿಗೆ ‘ಬಾಯಾರಿದಾಗ ನೀರು ಕುಡಿಯಿರಿ’ ಎಂದು ಹೇಳಿ ಪ್ರಯೋಜನವೇನು?

2010ರ ಭೀಕರ ಬಿಸಿಗಾಳಿಯ ನಂತರ ಅಹಮದಾಬಾದ್ ನಗರವು 2013ರಲ್ಲಿ ಮುನ್ಸೂಚನೆ, ಸಾರ್ವಜನಿಕ ಎಚ್ಚರಿಕೆ ಮತ್ತು ಆರೋಗ್ಯ ಸಿಬ್ಬಂದಿಯ ತರಬೇತಿಯನ್ನು ಒಂದಕ್ಕೊಂದು ಜೋಡಿಸಿದ ಯೋಜನೆಯನ್ನು ಜಾರಿಗೆ ತಂದಿತು. ಇಂತಹ ಯೋಜನೆಗಳು ಎಲ್ಲೆಡೆ ಬೇಕು. ಆದರೆ ಮೊಬೈಲಿಗೆ ಸಂದೇಶ ಕಳಿಸಿದ ಮಾತ್ರಕ್ಕೆ ಎಚ್ಚರಿಕೆ ತಲುಪಿತೆಂದು ಲೆಕ್ಕ ಹಾಕುವುದನ್ನು ನಾನು ಒಪ್ಪಲಾರೆ. ಒಂಟಿ ವೃದ್ಧರು, ಹಾಸಿಗೆ ಹಿಡಿದವರು, ತಗಡಿನ ಸೂರಿನಡಿ ಇರುವವರು ಯಾರೆಂದು ಬೇಸಿಗೆಗೆ ಮುಂಚೆಯೇ ಬರೆದಿಟ್ಟುಕೊಂಡು, ಬಿಸಿ ಏರಿದ ದಿನಗಳಲ್ಲಿ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಅವರನ್ನು ಕಂಡುಬರುವ ಹೊಣೆಯನ್ನು ಇಂಥವರದೇ ಎಂದು ಹಂಚಬೇಕು. ಹೋದವರು ನೀರು ಕುಡಿಸಿ, ಮೈಗೆ ಒದ್ದೆ ಬಟ್ಟೆ ಒತ್ತಿ, ಅಗತ್ಯವಿದ್ದರೆ ತಂಪಾದ ಕಡೆಗೆ ಕರೆದೊಯ್ಯಬೇಕು.

ಬಯಲಲ್ಲಿ ದುಡಿಯುವವರ ಅಪಾಯ ಬೇರೆ ಬಗೆಯದು. ದೇಹ ಬಿಸಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕಾದ್ದರಿಂದ, ಹೊಸದಾಗಿ ಸೇರಿದವರಿಗೂ ರಜೆಯಿಂದ ಮರಳಿದವರಿಗೂ ಮೊದಲ ದಿನವೇ ಪೂರ್ತಿ ಕೆಲಸ ಕೊಡಬಾರದು.

ಯಾರಾದರೂ ತಡವರಿಸಿ ಮಾತನಾಡಿದರೆ, ಗೊಂದಲಕ್ಕೊಳಗಾದರೆ ಅಥವಾ ಕುಸಿದರೆ ಅದನ್ನು ಉಷ್ಣಾಘಾತವೆಂದೇ ಭಾವಿಸಬೇಕು. ಮೈ ಬೆವರುತ್ತಿದೆಯೆಂದು ನಿರಾಳವಾಗುವಂತಿಲ್ಲ. ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೂ ನೆರಳಿನಲ್ಲಿ ಮೈತುಂಬ ತಣ್ಣೀರು ಸುರಿದು ಗಾಳಿ ಬೀಸುತ್ತಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಯಿಂದ ಈ ತಾಪ ಇಳಿಯುವುದಿಲ್ಲ.