ಇಂಗಾಲದ ಲೆಕ್ಕಕ್ಕೆ ಕಂಪನಿಯ ರಚನೆ: ಯಾವುದು ಕೊಂಬೆ, ಯಾವುದು ಲೇಬಲ್

ಕಂಪನಿಯಿಂದ ಹೊರಬೀಳುವ ಹಸಿರುಮನೆ ಅನಿಲಗಳ, ಅಂದರೆ ಇಂಗಾಲದ, ಲೆಕ್ಕವಿಡುವ ಸಾಫ್ಟ್‌ವೇರ್ ಯಾವುದೇ ಇರಲಿ, ಅದು ಮೊದಲು ಕೇಳುವುದು ಸಂಸ್ಥೆಯ ರಚನೆಯನ್ನು. ಆ ಹೊತ್ತಿಗೆ ಕೈಗೆ ಸಿಗುವುದು ಎಚ್‌ಆರ್ ವಿಭಾಗದ ಚಾರ್ಟ್, ಇಲ್ಲವೇ ಹಣಕಾಸು ವಿಭಾಗದ ಕಾಸ್ಟ್ ಸೆಂಟರ್ ಪಟ್ಟಿ. ಹೆಚ್ಚಿನವರು ಅದನ್ನೇ ಎತ್ತಿ ಹಾಕಿಬಿಡುತ್ತಾರೆ. ಮೊದಲ ವರ್ಷ ಹೇಗೋ ನಡೆದುಹೋಗುತ್ತದೆ. ಮರುವರ್ಷ ಎರಡು ವಿಭಾಗಗಳು ಒಂದಾಗುತ್ತವೆ, ಒಂದು ಘಟಕ ಮಾರಾಟವಾಗುತ್ತದೆ, ನಾಲ್ಕು ಕಾಸ್ಟ್ ಸೆಂಟರ್‌ಗಳ ಸಂಖ್ಯೆ ಬದಲಾಗುತ್ತದೆ. ಅಲ್ಲಿಂದಾಚೆಗೆ ಹೋದ ವರ್ಷದ ಅಂಕಿಗೂ ಈ ವರ್ಷದ ಅಂಕಿಗೂ ತಾಳೆಯೇ ಇರುವುದಿಲ್ಲ.

ಎಚ್‌ಆರ್ ಚಾರ್ಟ್ ಹೇಳುವುದು ಯಾರು ಯಾರ ಕೈಕೆಳಗಿದ್ದಾರೆ ಎಂಬುದನ್ನು. ಕಾಸ್ಟ್ ಸೆಂಟರ್ ಹೇಳುವುದು ಖರ್ಚು ಯಾರ ಲೆಕ್ಕಕ್ಕೆ ಎಂಬುದನ್ನು. ನಮಗೆ ಬೇಕಾದ್ದು ಬೇರೆ: ಇಂಧನ ಎಲ್ಲಿ ಉರಿಯಿತು, ಕರೆಂಟ್ ಯಾವ ಮೀಟರ್‌ನಲ್ಲಿ ಓಡಿತು, ಆ ಜಾಗದ ಮೇಲೆ ಹತೋಟಿ ಯಾರದು. ಮ್ಯಾನೇಜರ್ ಬದಲಾದ ಮಾತ್ರಕ್ಕೆ ಬಾಯ್ಲರ್ ಜಾಗ ಬಿಟ್ಟು ಕದಲುವುದಿಲ್ಲ. ಹಾಗಾಗಿ ಸಂಸ್ಥೆಯ ರಚನೆಯನ್ನು, ಅಂದರೆ ಕೊಂಬೆ ಕವಲುಗಳ ಮರವನ್ನು, ಕದಲದ ವಸ್ತುಗಳಿಂದ ಕಟ್ಟಬೇಕು. ಬದಲಾಗುವುದೆಲ್ಲ ಅದಕ್ಕೆ ಅಂಟಿಸುವ ಲೇಬಲ್ ಆಗಿರಬೇಕು.

ಮೊದಲು ಗಡಿ

ಮರಕ್ಕೆ ಕೈಹಾಕುವ ಮುಂಚೆ, ಯಾವ ಯಾವ ಘಟಕಗಳ ಹೊರಸೂಸುವಿಕೆ ನಮ್ಮ ಲೆಕ್ಕಕ್ಕೆ ಬರುತ್ತದೆ ಎಂಬುದು ತೀರ್ಮಾನವಾಗಿರಬೇಕು. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಸುವ ಜಿಎಚ್‌ಜಿ ಪ್ರೋಟೋಕಾಲ್‌ನ ಕಾರ್ಪೊರೇಟ್ ಸ್ಟ್ಯಾಂಡರ್ಡ್ (ಪರಿಷ್ಕೃತ ಆವೃತ್ತಿ 2004ರದು) ಇದಕ್ಕೆ ಮೂರು ದಾರಿ ಕೊಡುತ್ತದೆ. ಶೇರು ಪಾಲಿಗೆ ತಕ್ಕಷ್ಟು ಲೆಕ್ಕ ಹಿಡಿಯುವುದು ಒಂದು. ಹಣಕಾಸಿನ ನಿಯಂತ್ರಣ ಇರುವ ಕಡೆ ಪೂರ್ತಿ ಹಿಡಿಯುವುದು ಇನ್ನೊಂದು. ಕಾರ್ಯಾಚರಣೆಯ ನಿಯಂತ್ರಣ ಇರುವ ಕಡೆ ಪೂರ್ತಿ ಹಿಡಿಯುವುದು ಮೂರನೆಯದು. ಆರಿಸಿಕೊಂಡದ್ದು ಇಡೀ ಗುಂಪಿಗೆ ಒಂದೇ ಆಗಿರಬೇಕು. ಒಂದು ಅಂಗಸಂಸ್ಥೆಗೆ ಒಂದು, ಮತ್ತೊಂದಕ್ಕೆ ಇನ್ನೊಂದು ಎಂದರೆ ಮೊತ್ತಕ್ಕೆ ಅರ್ಥ ಉಳಿಯುವುದಿಲ್ಲ.

ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಜಂಟಿ ಉದ್ಯಮವನ್ನು ತೆಗೆದುಕೊಳ್ಳಿ. ಅದರ ವಾರ್ಷಿಕ ಹೊರಸೂಸುವಿಕೆ 10,000 ಟನ್. ನಿಮ್ಮ ಪಾಲು ಶೇ. 40, ಉಳಿದ ಶೇ. 60 ಪಾಲುದಾರರದು, ಘಟಕ ನಡೆಸುವವರೂ ಅವರೇ. ಶೇರು ಪಾಲಿನ ದಾರಿಯಲ್ಲಿ ನಿಮ್ಮ ಲೆಕ್ಕ 4,000 ಟನ್. ಕಾರ್ಯಾಚರಣೆಯ ನಿಯಂತ್ರಣದ ದಾರಿಯಲ್ಲಿ ಸ್ಕೋಪ್ 1ರಲ್ಲೂ (ನೇರವಾಗಿ ಉರಿಸಿದ ಇಂಧನ, ಸೋರಿದ ಅನಿಲ) ಸ್ಕೋಪ್ 2ರಲ್ಲೂ (ಕೊಂಡ ಕರೆಂಟ್) ಸೊನ್ನೆ. ನಿಮ್ಮ ಪಾಲು ಸ್ಕೋಪ್ 3ರ (ಉಳಿದ ಪರೋಕ್ಷ ಹೊರಸೂಸುವಿಕೆ) 15ನೇ ವರ್ಗಕ್ಕೆ, ಅಂದರೆ ಹೂಡಿಕೆಗಳಿಗೆ, ಹೋಗುತ್ತದೆ. ಹಣಕಾಸಿನ ನಿಯಂತ್ರಣ ಜಂಟಿಯಾಗಿದ್ದರೆ ಮತ್ತೆ 4,000, ಪೂರ್ತಿ ಪಾಲುದಾರರ ಕೈಯಲ್ಲಿದ್ದರೆ ಸೊನ್ನೆ. ಅದೇ ಶೇ. 40 ಇಟ್ಟುಕೊಂಡು ಘಟಕವನ್ನು ನೀವೇ ನಡೆಸುತ್ತಿದ್ದರೆ ಕಾರ್ಯಾಚರಣೆಯ ದಾರಿಯಲ್ಲಿ 10,000 ಪೂರ್ತಿ ನಿಮ್ಮದು. ಚಿಮಣಿ ಒಂದೇ, ಉತ್ತರ ಮೂರು.

ಹೊಸದಾಗಿ ಶುರುಮಾಡುವ ಹೆಚ್ಚಿನ ಕಂಪನಿಗಳಿಗೆ ಕಾರ್ಯಾಚರಣೆಯ ನಿಯಂತ್ರಣವೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕಾರಣ ಸರಳ: ಘಟಕ ನಡೆಸುವವರ ಬಳಿಯೇ ಬಿಲ್ಲೂ ಇರುತ್ತದೆ, ಇಂಧನದ ಲೆಕ್ಕವೂ ಇರುತ್ತದೆ. ಆದರೆ ಗಣಿ, ತೈಲದಂಥ ಉದ್ಯಮಗಳಲ್ಲಿ ಆಸ್ತಿಯ ದೊಡ್ಡ ಭಾಗ ಜಂಟಿ ಉದ್ಯಮಗಳಲ್ಲೇ ಇದ್ದರೆ ಶೇರು ಪಾಲಿನ ಲೆಕ್ಕ ನಿಜಕ್ಕೆ ಹತ್ತಿರ. 'ಕಾರ್ಯಾಚರಣೆಯ ನಿಯಂತ್ರಣ' ಎಂದರೆ ಕಾರ್ಯಾಚರಣೆಯ ನೀತಿಗಳನ್ನು ತಂದು ಜಾರಿಮಾಡುವ ಪೂರ್ಣ ಅಧಿಕಾರ. ದೊಡ್ಡ ಬಂಡವಾಳ ಹೂಡಿಕೆಗೆ ಎಲ್ಲ ಪಾಲುದಾರರ ಒಪ್ಪಿಗೆ ಬೇಕು ಎಂಬ ಷರತ್ತಿದ್ದರೂ ಆ ಅಧಿಕಾರ ತಪ್ಪುವುದಿಲ್ಲ. 'ನಮಗೆ ನಿಯಂತ್ರಣವಿಲ್ಲ' ಎಂದು ಜಾರಿಕೊಳ್ಳಲು ಈ ಷರತ್ತನ್ನು ಮುಂದಿಡುವುದು ಸಾಮಾನ್ಯ, ಲೆಕ್ಕಪರಿಶೋಧಕರು ಒಪ್ಪುವುದಿಲ್ಲ.

ಯಾವ ದಾರಿ ಹಿಡಿದರೂ ಶೇರು ಪಾಲಿನ ಶೇಕಡಾವಾರನ್ನು ಪ್ರತಿ ಘಟಕದ ಮೇಲೂ ಬರೆದಿಡಿ. 2024ರ ಜನವರಿ 1ರಿಂದ ಶುರುವಾಗುವ ಅವಧಿಗಳಿಗೆ ಅನ್ವಯಿಸುವ ಐಎಫ್‌ಆರ್‌ಎಸ್ ಎಸ್2 (ಹವಾಮಾನ ಸಂಬಂಧಿ ಮಾಹಿತಿ ಪ್ರಕಟಣೆಯ ಅಂತರರಾಷ್ಟ್ರೀಯ) ಮಾನದಂಡ, ಹಣಕಾಸು ವರದಿಯಲ್ಲಿ ಕ್ರೋಡೀಕರಣಗೊಂಡ ಗುಂಪಿನ ಸ್ಕೋಪ್ 1 ಮತ್ತು 2ನ್ನು ಒಂದು ಕಡೆ, ಜಂಟಿ ಉದ್ಯಮ ಹಾಗೂ ಸಹವರ್ತಿ ಕಂಪನಿಗಳಂಥವುಗಳದನ್ನು ಇನ್ನೊಂದು ಕಡೆ ತೋರಿಸಲು ಕೇಳುತ್ತದೆ. ಆ ಮಾಹಿತಿ ಮೊದಲೇ ಇಲ್ಲದಿದ್ದರೆ ವರದಿಯ ವಾರದಲ್ಲಿ ಹುಡುಕಾಟ ಶುರುವಾಗುತ್ತದೆ.

ಪಾಲಿನ ಸರಪಳಿಯಲ್ಲಿ ಒಂದು ತಪ್ಪು ಪದೇಪದೇ ಆಗುತ್ತದೆ. ಮಾತೃ ಸಂಸ್ಥೆಗೆ ಒಂದು ಅಂಗಸಂಸ್ಥೆಯಲ್ಲಿ ಶೇ. 80, ಆ ಅಂಗಸಂಸ್ಥೆಗೆ ಅದರ ಕೆಳಗಿನ ಕಂಪನಿಯಲ್ಲಿ ಶೇ. 60. ಗುಂಪಿನ ನಿಜವಾದ ಪಾಲು ಶೇ. 48. ಆದರೆ ಸಾಫ್ಟ್‌ವೇರ್‌ನ 'ಪಾಲು' ಎಂಬ ಕಾಲಂನಲ್ಲಿ ತುಂಬಬೇಕಾದ್ದು 60ಓ 48ಓ? ಕೆಲವು ಸಾಫ್ಟ್‌ವೇರ್ ಪ್ರತಿ ಹಂತದಲ್ಲೂ ಗುಣಿಸುತ್ತಾ ಮೇಲೆ ಹೋಗುತ್ತವೆ, ಕೆಲವು ಬರೆದದ್ದನ್ನು ಹಾಗೆಯೇ ತೆಗೆದುಕೊಳ್ಳುತ್ತವೆ. ಕೈಪಿಡಿ ಓದುವುದಕ್ಕಿಂತ ಪರೀಕ್ಷೆ ಮಾಡುವುದು ಬೇಗ ಆಗುತ್ತದೆ: 60 ಎಂದು ತುಂಬಿ, ಕೆಳಗಿನ ಕಂಪನಿಗೆ 1,000 ಟನ್ ಹಾಕಿ, ತುದಿಯಲ್ಲಿ ಏನು ಬರುತ್ತದೆ ನೋಡಿ. 480 ಬಂದರೆ ಗುಣಿಸುತ್ತಿದೆ. 600 ಬಂದರೆ ಗುಣಿಸುತ್ತಿಲ್ಲ. 1,000 ಬಂದರೆ ಅದು ನಿಯಂತ್ರಣದ ದಾರಿಯಲ್ಲಿದೆ, ಪಾಲನ್ನು ನೋಡುತ್ತಲೇ ಇಲ್ಲ.

ಬೆನ್ನೆಲುಬು ಸೈಟ್

ಮರಕ್ಕೆ ನಾಲ್ಕು ಹಂತ ಸಾಕು: ಗುಂಪು, ಅದರ ಕೆಳಗೆ ನೋಂದಾಯಿತ ಕಂಪನಿ, ಅದರ ಕೆಳಗೆ ಸೈಟ್, ಸೈಟ್‌ನೊಳಗೆ ಹೊರಸೂಸುವಿಕೆಯ ಮೂಲ. ದೇಶ, ಪ್ರದೇಶ, ವ್ಯವಹಾರ ವಿಭಾಗ, ಉತ್ಪನ್ನ ಶ್ರೇಣಿ ಇವೆಲ್ಲ ಲೇಬಲ್‌ಗಳು. ಮರದಲ್ಲಿ ಒಂದು ನೋಡ್‌ಗೆ (ಕವಲಿಗೆ) ಒಂದೇ ತಾಯಿ, ಅಂದರೆ ಮೇಲಿನ ಹಂತದಲ್ಲಿ ಒಂದೇ ಕೊಂಬೆ. ಒಂದೇ ಕಾರ್ಖಾನೆಯಲ್ಲಿ ಎರಡು ವಿಭಾಗಗಳ ಸರಕು ತಯಾರಾಗುತ್ತಿದ್ದರೆ, ವಿಭಾಗವನ್ನು ಕೊಂಬೆ ಮಾಡಿದವರು ಆ ಕಾರ್ಖಾನೆಯನ್ನು ಎರಡು ಸಲ ಬರೆಯಬೇಕಾಗುತ್ತದೆ. ಮೀಟರ್ ಇರುವುದು ಒಂದೇ, ಆದ್ದರಿಂದ ಒಂದೋ ಬಿಲ್ ಎರಡು ಸಲ ಸೇರುತ್ತದೆ, ಇಲ್ಲವೇ ಯಾರೋ ಅಂದಾಜಿನ ಮೇಲೆ ಅದನ್ನು ಒಡೆಯುತ್ತಾರೆ.

ಸೈಟ್ ಎಂದರೆ ಒಂದು ವಿಳಾಸ, ಒಂದು ಹತೋಟಿ. ಒಂದೇ ಕಟ್ಟಡದಲ್ಲಿ ಗುಂಪಿನ ಎರಡು ಕಂಪನಿಗಳು ಕೂತಿದ್ದರೆ, ಕರೆಂಟ್ ಸಂಪರ್ಕವೋ ಬಾಡಿಗೆ ಕರಾರೋ ಯಾರ ಹೆಸರಿನಲ್ಲಿದೆಯೋ ಅವರ ಕೆಳಗೆ ಸೈಟ್ ಇಡಿ. ಇನ್ನೊಂದು ಕಂಪನಿಯ ಭಾಗವನ್ನು ನೆಲದ ವಿಸ್ತೀರ್ಣದ ಲೆಕ್ಕದಲ್ಲಿ ವರದಿಯ ಹಂತದಲ್ಲಿ ಹಂಚಿದರಾಯಿತು. ಚಿಕ್ಕ ಕಚೇರಿಗಳು ಹತ್ತಾರು ಇದ್ದರೆ ಒಟ್ಟುಗೂಡಿಸಿ ಒಂದು ಸೈಟ್ ಮಾಡಬಹುದು. ಆದರೆ ಅವೆಲ್ಲ ಒಂದೇ ವಿದ್ಯುತ್ ಗ್ರಿಡ್‌ಗೆ ಸೇರಿರಬೇಕು. ಗ್ರಿಡ್‌ನ ಎಮಿಷನ್ ಫ್ಯಾಕ್ಟರ್ (ಒಂದು ಯೂನಿಟ್ ಕರೆಂಟ್‌ಗೆ ಎಷ್ಟು ಹೊರಸೂಸುವಿಕೆ ಎಂಬ ಅಂಕಿ) ಸೈಟ್‌ಗೇ ಅಂಟಬೇಕು ಎಂಬುದನ್ನು ಇಲ್ಲಿ ಮರೆಯಬಾರದು. ಕೆಲಸ ಕಡಿಮೆಯಾಗಲೆಂದು ಫ್ಯಾಕ್ಟರನ್ನು ಕಂಪನಿಯ ಹಂತದಲ್ಲಿ ಹಾಕಿದರೆ, ಅದೇ ಕಂಪನಿಯ ಬೇರೆ ದೇಶದ ಸೈಟ್ ಸದ್ದಿಲ್ಲದೆ ತಪ್ಪು ಗ್ರಿಡ್ ಎಳೆದುಕೊಳ್ಳುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ. ಅಂಕಿ ಮಾತ್ರ ತಪ್ಪಾಗಿರುತ್ತದೆ. ಜಿಎಚ್‌ಜಿ ಪ್ರೋಟೋಕಾಲ್‌ನ 2015ರ ಸ್ಕೋಪ್ 2 ಮಾರ್ಗದರ್ಶಿಯ ಪ್ರಕಾರ ಗ್ರಿಡ್ ಸರಾಸರಿಯ ಮೇಲೆ ಒಂದು ಅಂಕಿ, ವಿದ್ಯುತ್ ಖರೀದಿ ಒಪ್ಪಂದದ ಮೇಲೆ ಇನ್ನೊಂದು ಅಂಕಿ ಕೊಡಬೇಕಾಗುವುದರಿಂದ ಎರಡರ ಮಾಹಿತಿಯೂ ಸೈಟ್‌ನ ದಾಖಲೆಯಲ್ಲಿ ಇರಲಿ.

ಆ ದಾಖಲೆಯಲ್ಲಿ ಇನ್ನೇನಿರಬೇಕು? ಬದಲಾಗದ ಐಡಿ, ಮಾಲೀಕ ಕಂಪನಿ, ಪೂರ್ಣ ವಿಳಾಸ, ಬಳಕೆಯ ಬಗೆ, ಸ್ವಂತದ್ದೋ ಬಾಡಿಗೆಯದೋ, ನಿಯಂತ್ರಣ ಇದೆಯೇ ಇಲ್ಲವೇ ಮತ್ತು ಏಕೆ, ಶುರುವಾದ ದಿನಾಂಕ, ಮುಗಿದ ದಿನಾಂಕ, ನೆಲದ ವಿಸ್ತೀರ್ಣ, ಸಿಬ್ಬಂದಿ ಸಂಖ್ಯೆ. ಐಡಿಗೆ ಅರ್ಥ ತುಂಬಬೇಡಿ. ವಿಭಾಗದ ಹೆಸರಿನ ಎರಡಕ್ಷರ ಸೇರಿಸಿ ಐಡಿ ಮಾಡಿದರೆ, ವಿಭಾಗದ ಹೆಸರು ಬದಲಾದ ದಿನ ಐಡಿಯನ್ನೂ ಬದಲಿಸಬೇಕೆನಿಸುತ್ತದೆ. ಬದಲಿಸಿದರೆ ಹಳೆಯ ದತ್ತಾಂಶದ ಕೊಂಡಿ ಕಳಚಿತು.

ಸೈಟ್‌ನೊಳಗಿನ ಮೂಲಗಳೆಂದರೆ ಬಾಯ್ಲರ್, ಜನರೇಟರ್, ಎಸಿ ಘಟಕ, ವಿದ್ಯುತ್ ಮೀಟರ್. ಮುಖ್ಯ ಮೀಟರ್ ಜೊತೆಗೆ ಉಪಮೀಟರ್‌ಗಳನ್ನೂ ಸೇರಿಸಿದಾಗ ಬಳಕೆ ಇಮ್ಮಡಿಯಾಗುವುದು ಬಹಳ ಸಾಮಾನ್ಯ. ಉಪಮೀಟರ್‌ಗೆ 'ಮಾಹಿತಿಗೆ ಮಾತ್ರ' ಎಂಬ ಗುರುತು ಹಾಕಿ ಮೊತ್ತದಿಂದ ಹೊರಗಿಡಿ. ಮರೆತುಹೋಗುವ ಮೂಲ ಎಂದರೆ ಎಸಿಯ ಅನಿಲ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ ಐದನೇ ವರದಿಯ ಮೌಲ್ಯದಂತೆ ಒಂದು ಕಿಲೋ ಆರ್-410ಎ ಸೋರಿದರೆ ಸುಮಾರು 1.9 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಲೀಟರ್ ಡೀಸೆಲ್‌ನಿಂದ ಬರುವುದು ಸುಮಾರು 2.7 ಕಿಲೋ. ಅಂದರೆ ಆ ಒಂದು ಕಿಲೋ ಸೋರಿಕೆ ಸುಮಾರು 700 ಲೀಟರ್ ಡೀಸೆಲ್ ಉರಿಸಿದ್ದಕ್ಕೆ ಸಮ. ಡೀಸೆಲ್‌ಗೆ ರಜಿಸ್ಟರ್ ಇರುತ್ತದೆ. ಅನಿಲ ತುಂಬಿಸಿದ ಲೆಕ್ಕ ಎಸಿ ಸರ್ವಿಸ್ ಮಾಡಿದವರ ಚೀಟಿಯಲ್ಲಿ ಮಾತ್ರ.

ಇನ್ನು ಸೈಟ್‌ಗೆ ಸೇರದ ದತ್ತಾಂಶ. ವಿಮಾನ ಪ್ರಯಾಣ, ಖರೀದಿಸಿದ ಸರಕು, ಕಂಪನಿಯ ವಾಹನಗಳ ಇಂಧನ ಕಾರ್ಡ್ ಇವೆಲ್ಲ ಸಾಮಾನ್ಯವಾಗಿ ಕಂಪನಿಯ ಮಟ್ಟದಲ್ಲೇ ಸಿಗುತ್ತವೆ. ಪ್ರತಿ ನೋಂದಾಯಿತ ಕಂಪನಿಯ ಕೆಳಗೂ 'ಕಂಪನಿ ಮಟ್ಟ' ಎಂಬ ಒಂದು ಕಾಲ್ಪನಿಕ ಸೈಟ್ ಮಾಡಿ ಅವನ್ನು ಅಲ್ಲಿಡಿ. ಸಿಬ್ಬಂದಿ ಸಂಖ್ಯೆಯ ಮೇಲೆ ಎಲ್ಲ ಸೈಟ್‌ಗಳಿಗೂ ಹಂಚಿದರೆ ಇಲ್ಲದ ನಿಖರತೆ ಕಾಣಿಸುತ್ತದೆ. ಒಂದು ಸೈಟ್ ಮ್ಯಾನೇಜರ್ ತಾನು ಬುಕ್ ಮಾಡದ ವಿಮಾನಗಳಿಗೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ.

ಬಾಡಿಗೆ ಜಾಗಗಳು

ಕಾರ್ಯಾಚರಣೆಯ ನಿಯಂತ್ರಣದ ದಾರಿ ಹಿಡಿದಿದ್ದರೆ ಸುಲಭ: ಬಾಡಿಗೆಯ ಕಚೇರಿಯನ್ನು ನಡೆಸುತ್ತಿರುವವರು ನೀವು, ಅದರ ಕರೆಂಟ್ ನಿಮ್ಮ ಸ್ಕೋಪ್ 2. ಉಳಿದೆರಡು ದಾರಿಗಳಲ್ಲಿ ಫೈನಾನ್ಸ್ ಲೀಸ್ (ಮಾಲೀಕತ್ವದ ಲಾಭ-ನಷ್ಟ ಬಹುಪಾಲು ಬಾಡಿಗೆದಾರರದೇ ಆದ ಕರಾರು) ಆದರೆ ನಿಮ್ಮ ಸ್ಕೋಪ್ 1 ಮತ್ತು 2, ಆಪರೇಟಿಂಗ್ ಲೀಸ್ (ಸಾಮಾನ್ಯ ಬಾಡಿಗೆ) ಆದರೆ ಸ್ಕೋಪ್ 3ರ 8ನೇ ವರ್ಗ. ತೊಡಕೆಂದರೆ, 2019ರಿಂದ ಜಾರಿಗೆ ಬಂದ, ಬಾಡಿಗೆಗಳ ಲೆಕ್ಕಪತ್ರದ ಮಾನದಂಡ ಐಎಫ್‌ಆರ್‌ಎಸ್ 16 ಬಾಡಿಗೆದಾರರ ಪುಸ್ತಕದಲ್ಲಿ ಈ ಎರಡರ ಭೇದವನ್ನೇ ಬಹುಪಾಲು ಅಳಿಸಿಹಾಕಿದೆ. ಹಣಕಾಸು ವಿಭಾಗವನ್ನು ಕೇಳಿದರೆ 'ಎಲ್ಲವೂ ಬ್ಯಾಲೆನ್ಸ್ ಶೀಟ್‌ನಲ್ಲಿದೆ' ಎನ್ನುತ್ತಾರೆ. ಹೇಗೆ ವಿಂಗಡಿಸಿದಿರಿ ಎಂಬುದನ್ನು ಬರೆದಿಟ್ಟು ಪ್ರತಿ ವರ್ಷ ಅದನ್ನೇ ಪಾಲಿಸುವುದು ಬಿಟ್ಟರೆ ಬೇರೆ ಉಪಾಯವಿಲ್ಲ. ಕಾರ್ಯಾಚರಣೆಯ ನಿಯಂತ್ರಣದ ದಾರಿಯಲ್ಲಿ, ನೀವೇ ಬಾಡಿಗೆಗೆ ಕೊಟ್ಟು ಬೇರೆಯವರು ನಡೆಸುತ್ತಿರುವ ಜಾಗ ಸ್ಕೋಪ್ 3ರ 13ನೇ ವರ್ಗ, ಫ್ರಾಂಚೈಸಿ ಕೊಟ್ಟಿದ್ದರೆ 14.

ಕಟ್ಟಡದ ಮಾಲೀಕರೇ ಕೇಂದ್ರೀಯ ಎಸಿ ಒದಗಿಸಿ ಬಾಡಿಗೆಯೊಳಗೇ ಕರೆಂಟ್ ಸೇರಿಸಿದ್ದರೆ ಬಿಲ್ ಇರುವುದಿಲ್ಲ. ಬಿಲ್ ಇಲ್ಲವೆಂದು ಸೈಟನ್ನೇ ಬಿಡಬೇಡಿ. ಕಟ್ಟಡದ ಒಟ್ಟು ಬಳಕೆಯಲ್ಲಿ ನಿಮ್ಮ ವಿಸ್ತೀರ್ಣದ ಭಾಗವನ್ನು ತೆಗೆದುಕೊಂಡು 'ಅಂದಾಜು' ಎಂದು ಗುರುತು ಹಾಕಿ.

ದಿನಾಂಕ ಇಲ್ಲದ ಮರ ನಿಲ್ಲದು

ಮುಚ್ಚಿದ ಸೈಟನ್ನು ಅಳಿಸಬಾರದು, ಕೊನೆಯ ದಿನಾಂಕ ಹಾಕಬೇಕು. ಅಳಿಸಿದರೆ ಹಿಂದಿನ ವರ್ಷಗಳ ಮೊತ್ತವೂ ಕುಸಿಯುತ್ತದೆ. ಪಾಲು ಬದಲಾದಾಗಲೂ ಹಳೆಯ ಅಂಕಿಯ ಮೇಲೆ ಹೊಸದನ್ನು ಬರೆಯದೆ, 'ಸೆಪ್ಟೆಂಬರ್ 30ರವರೆಗೆ ಶೇ. 60, ಅಕ್ಟೋಬರ್ 1ರಿಂದ ಶೇ. 35' ಎಂದು ಎರಡು ಸಾಲು ಇಡಬೇಕು.

ಇದು ಆಧಾರ ವರ್ಷಕ್ಕಾಗಿ, ಅಂದರೆ ಮುಂದಿನ ವರ್ಷಗಳನ್ನು ಹೋಲಿಸಿ ನೋಡಲು ಆರಿಸಿಕೊಂಡ ವರ್ಷಕ್ಕಾಗಿ. ವಿಲೀನ, ಖರೀದಿ, ಮಾರಾಟದಿಂದಾದ ವ್ಯತ್ಯಾಸ ಕಂಪನಿಯೇ ನಿಗದಿಮಾಡಿಕೊಂಡ ಮಿತಿಯನ್ನು ದಾಟಿದರೆ (ಶೇ. 5 ಎಂದು ಇಟ್ಟುಕೊಳ್ಳುವವರು ಹೆಚ್ಚು) ಆಧಾರ ವರ್ಷದ ಅಂಕಿಯನ್ನು ಮರುಲೆಕ್ಕ ಹಾಕಬೇಕು. ಸ್ವಂತ ಬೆಳವಣಿಗೆ ಇದಕ್ಕೆ ಸೇರದು: ಹೊಸ ಕಾರ್ಖಾನೆ ಕಟ್ಟಿದರೆ ಮರುಲೆಕ್ಕ ಇಲ್ಲ. ಕೊಂಡ ಕಾರ್ಖಾನೆ ಆಧಾರ ವರ್ಷದಲ್ಲಿ ಹುಟ್ಟಿಯೇ ಇರಲಿಲ್ಲವಾದರೆ ಆಗಲೂ ಇಲ್ಲ. ಹಾಗಾಗಿ 'ನಮ್ಮ ಕೈಗೆ ಬಂದ ದಿನ' ಮತ್ತು 'ಘಟಕ ಕೆಲಸ ಶುರುಮಾಡಿದ ದಿನ' ಎರಡು ಬೇರೆ ಬೇರೆ ಕಾಲಂ. ಹೆಚ್ಚಿನ ಟೆಂಪ್ಲೇಟ್‌ಗಳಲ್ಲಿ ಒಂದೇ ಇರುತ್ತದೆ. ವರ್ಷದ ನಡುವೆ ಖರೀದಿಯಾದರೂ ಮರುಲೆಕ್ಕವನ್ನು ಇಡೀ ವರ್ಷಕ್ಕೆ ಮಾಡಬೇಕೆಂಬುದು ಪ್ರೋಟೋಕಾಲ್‌ನ ಸಲಹೆ. ಅಂದರೆ ಖರೀದಿಯ ಮಾತುಕತೆಯಲ್ಲೇ ಹಿಂದಿನ ವರ್ಷಗಳ ಇಂಧನ ಮತ್ತು ಕರೆಂಟ್ ದಾಖಲೆ ಕೇಳಿ ಪಡೆಯಬೇಕು. ಸಹಿ ಬಿದ್ದ ಮೇಲೆ ಮಾರಿದವರು ಫೋನ್ ಎತ್ತುವುದು ಅಪರೂಪ.

ಬಿಲ್‌ಗಳ ಅವಧಿಯೂ ವರ್ಷದ ಗಡಿಗೆ ಸರಿಯಾಗಿ ಬರುವುದಿಲ್ಲ. ಡಿಸೆಂಬರ್ 18ರಿಂದ ಜನವರಿ 17ರವರೆಗಿನ 3,100 ಯೂನಿಟ್‌ಗಳ ಬಿಲ್‌ನಲ್ಲಿ ಡಿಸೆಂಬರ್‌ನದು 14 ದಿನ, ಅಂದರೆ 1,400 ಯೂನಿಟ್. ಬಿಲ್‌ನ ದಿನಾಂಕ ನೋಡಿ ಇಡೀ ಬಿಲ್ಲನ್ನು ಜನವರಿಗೆ ಹಾಕುವ ಸಾಫ್ಟ್‌ವೇರ್‌ಗಳಿವೆ, ಸೆಟ್ಟಿಂಗ್ ನೋಡಿಕೊಳ್ಳಿ.

ತುಂಬುವ ಮುನ್ನ

ಪ್ರತಿ ಸೈಟ್‌ಗೆ ದತ್ತಾಂಶ ತುಂಬುವವರು ಒಬ್ಬರು, ಪರಿಶೀಲಿಸುವವರು ಇನ್ನೊಬ್ಬರು. ವ್ಯಕ್ತಿಯ ಹೆಸರಿಗಲ್ಲ, ಹುದ್ದೆಗೆ ಕೊಡಿ.

ಸೈಟ್‌ಗಳ ಪಟ್ಟಿ ಪೂರ್ತಿಯಾಗಿದೆಯೇ ಎಂದು ತಿಳಿಯಲು ಮೂರು ಕಾಗದ ಬೇಕು: ಸ್ಥಿರಾಸ್ತಿ ರಜಿಸ್ಟರ್, ಬಾಡಿಗೆ ಕರಾರುಗಳ ಪಟ್ಟಿ, ವಿದ್ಯುತ್ ಮತ್ತು ಇಂಧನ ಪೂರೈಕೆದಾರರಿಗೆ ಹೋದ ಪಾವತಿಗಳು. ಪಾವತಿ ಇದ್ದು ಮರದಲ್ಲಿ ಇಲ್ಲದ ವಿಳಾಸ ಕೈತಪ್ಪಿದ ಸೈಟ್. ಮರದಲ್ಲಿದ್ದು ಪಾವತಿಯೇ ಇಲ್ಲದ್ದು ಮುಚ್ಚಿರಬೇಕು, ಇಲ್ಲವೇ ಮಾಲೀಕರ ಬಿಲ್‌ನಲ್ಲಿ ಅಡಗಿರಬೇಕು.

ಆಮೇಲೆ ಪ್ರತಿ ಸೈಟ್‌ಗೂ 1 ಟನ್ ಹಾಕಿ ನೋಡಿ. ನಿಯಂತ್ರಣದ ದಾರಿಯಲ್ಲಿ, ಜಂಟಿ ಹಣಕಾಸು ನಿಯಂತ್ರಣದ ಘಟಕ ಇಲ್ಲದಿದ್ದರೆ, ಮೊತ್ತ ಗಡಿಯೊಳಗಿನ ಸೈಟ್‌ಗಳ ಸಂಖ್ಯೆಗೆ ಸರಿಯಾಗಿ ಸಮನಿರಬೇಕು. ಹೆಚ್ಚಿದ್ದರೆ ಏನೋ ಎರಡು ಸಲ ಕೂತಿದೆ. ಒಂದು ಸೈಟ್‌ನ ವಿಭಾಗದ ಲೇಬಲ್ ಬದಲಿಸಿ ಮತ್ತೆ ನೋಡಿ. ಮೊತ್ತ ಒಂದು ಕಿಲೋ ಕದಲಿದರೂ ಆ ಲೇಬಲ್ ಎಲ್ಲೋ ಕೊಂಬೆಯ ಕೆಲಸ ಮಾಡುತ್ತಿದೆ. ಗಡಿಯಿಂದ ಹೊರಗಿಟ್ಟ ಸೈಟ್‌ಗಳಿಗೂ ಕಾರಣ ಸಮೇತ ಒಂದು ಪಟ್ಟಿ ಇರಲಿ. ಪರಿಶೋಧಕರು ಮೊದಲು ಕೇಳುವುದು ಅದನ್ನೇ.