ಉಳಿ ಕೊಳ್ಳುವಾಗ ಹಿಡಿ ಅಲ್ಲ, ಬೆನ್ನು ನೋಡಿ

ಬೆಳಗಾವಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಉಳಿ ಕೇಳಿದರೆ ಮೊದಲು ಆರೆಂಟರ ಸೆಟ್ ತೆಗೆದಿಡುತ್ತಾರೆ. ಬೇಡ ಅನ್ನಿ. ಮನೆಗೆಲಸಕ್ಕೆ ಕಾಲು, ಅರ್ಧ, ಒಂದು ಇಂಚಿನವು ಸಾಕು. ಮುಕ್ಕಾಲು ಇಂಚಿನದು ಆಮೇಲೆ ಬಂದರಾಯಿತು. ಸೆಟ್ಟಿನ ದುಡ್ಡನ್ನು ಮೂರು ಒಳ್ಳೆಯ ಉಳಿಗೆ ಹಾಕಿ.

ಅಂಗಡಿಯಲ್ಲೇ ಉಳಿಯ ಬೆನ್ನಿಗೆ, ಅಂದರೆ ಇಳಿಜಾರಿಲ್ಲದ ಚಪ್ಪಟೆ ಬದಿಗೆ, ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಕೂದಲೆಳೆಯಷ್ಟು ತಗ್ಗಿದ್ದರೆ ಚಿಂತೆಯಿಲ್ಲ, ಉಜ್ಜಿದರೆ ಹೋಗುತ್ತದೆ. ಆದರೆ ಬೆನ್ನು ಉಬ್ಬಿ ಸ್ಕೇಲ್ ಅತ್ತಿತ್ತ ತೂಗಿದರೆ ಅಲ್ಲೇ ಬಿಟ್ಟು ಬನ್ನಿ. ಅದನ್ನು ಸಮ ಮಾಡುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಕೊಡತಿಯಿಂದ ಹೊಡೆಯುವ ಕೆಲಸವಿದ್ದರೆ ಕಟ್ಟಿಗೆ ಹಿಡಿಯ ತುದಿಗೆ ಲೋಹದ ಬಳೆ ಇರಲಿ, ಇಲ್ಲದಿದ್ದರೆ ಹಿಡಿ ಸೀಳುತ್ತದೆ.

ಹೊಸ ಉಳಿ ಬಂದಂತೆಯೇ ಕೆಲಸಕ್ಕೆ ಬಾರದು. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಸಿ, ನೀರು ಚಿಮುಕಿಸಿ, ಬೆನ್ನನ್ನು 400, 1000, 2000 ನಂಬರಿನ ಕಾಗದದ ಕ್ರಮದಲ್ಲಿ ಉಜ್ಜಿ. ಪೂರ್ತಿ ಬೆನ್ನು ಬೇಡ, ತುದಿಯ ಒಂದು ಇಂಚು ಹೊಳೆದರೆ ಸಾಕು. ಆಮೇಲೆ ಇಳಿಜಾರು ಮುಖ ಮಸೆಯಿರಿ: ಸಾಗವಾನಿಗೆ 25 ಡಿಗ್ರಿ. ಜಾಲಿಯಂಥ ಗಟ್ಟಿ ಕಟ್ಟಿಗೆಗೆ 30, ಅದಕ್ಕಿಂತ ತೆಳುವಾದರೆ ಅಂಚು ಚಕ್ಕೆ ಏಳುತ್ತದೆ. ಮಸೆದ ಮೇಲೆ ಬೆನ್ನ ಕಡೆ ಎದ್ದ ಬರ್, ಅಂದರೆ ಅಂಚಿನ ಲೋಹದ ಸಣ್ಣ ತರಿ, ಬೆರಳಿಗೆ ಹತ್ತಬೇಕು. ಹತ್ತದಿದ್ದರೆ ಮಸೆತ ಇನ್ನೂ ಅಂಚು ಮುಟ್ಟಿಲ್ಲ.

ಅವಸರಕ್ಕೆ ಗ್ರೈಂಡರ್ ಹಿಡಿದರೆ ಆಗಾಗ ನೀರಿನಲ್ಲಿ ಅದ್ದಿ. ತುದಿ ನೀಲಿಯಾಯಿತೆಂದರೆ ಉಕ್ಕಿನ ಗಡಸು ಹದ ಹೋಯಿತು, ಆ ನೀಲಿ ಭಾಗ ಸವೆಯುವವರೆಗೆ ಅಂಚು ನಿಲ್ಲುವುದಿಲ್ಲ.