ಸೊನ್ನೆ ಯಾವ್ದು, ಅನುಸ್ವಾರ ಯಾವ್ದು

ಮೊನ್ನೆ ಶನಿವಾರ ರಾತ್ರಿ ಊಟ ಮುಗ್ದು ಪಾತ್ರೆ ಎಲ್ಲ ತೊಳ್ದಿಟ್ಟು ಲ್ಯಾಪ್‌ಟಾಪ್ ತೆಗ್ದಿದ್ದು ಒಂಬತ್ತೂವರೆಗೆ, ಒಂದೇ ಒಂದು ಪುಟ ನೋಡಿ ಮಲ್ಕೊಳ್ಳೋಣ ಅಂತ. ತಲೆ ಎತ್ತಿದ್ರೆ ಗಂಟೆ ಒಂದೂಕಾಲು. ಫ್ಯಾನ್ ಹಾಕ್ಕೊಂಡಿಲ್ಲ, ಕಾಲು ಜೋಮು ಹಿಡ್ದಿದೆ, ಕತ್ತು ಬಿದ್ದೋಗ್ತಿದೆ. ನಮ್ಮನೆಯವ್ರು ಬಾಗ್ಲಲ್ಲಿ ನಿಂತ್ಕೊಂಡು "ಇದಕ್ಕೇನಾದ್ರೂ ದುಡ್ಡು ಕೊಡ್ತಾರೇನೇ?" ಅಂದ್ರು. ಇಲ್ಲ ಅಂದೆ. "ಮತ್ತೆ?" ಅಂದ್ರು. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಕನ್ನಡ ವಿಕಿಸೋರ್ಸ್‌ನಲ್ಲಿ ಹಳೇ ಪುಸ್ತಕಗಳ ಪ್ರೂಫ್ ನೋಡೋದು ನನ್ನ ಹುಚ್ಚು. ಯಾರು ಬೇಕಾದ್ರೂ ಪುಕ್ಕಟೆ ಓದೋ ಹಾಗೆ ಪುಸ್ತಕ ಇಡೋ ವೆಬ್‌ಸೈಟು ಅದು. ಬರ್ದೋರು ತೀರ್ಕೊಂಡು 60 ವರ್ಷ ದಾಟಿದ್ರೆ ನಮ್ಮಲ್ಲಿ ಕಾಪಿರೈಟ್ ಮುಗ್ದೋಗತ್ತೆ, ಅಂಥ ಪುಸ್ತಕ ಸ್ಕ್ಯಾನ್ ಮಾಡಿ ಹಾಕಿರ್ತಾರೆ, ಓಸಿಆರ್ ಸಾಫ್ಟ್‌ವೇರ್ ಆ ಪುಟ ನೋಡಿ ತನಗೆ ತಿಳ್ದಂಗೆ ಅಕ್ಷರ ಮಾಡಿ ಕೊಡತ್ತೆ. ಎಡಗಡೆ ಅದು ಕೊಟ್ಟಿದ್ದು, ಬಲಗಡೆ ಪುಟದ ಫೋಟೋ. ಎರಡೂ ಸೇರಿಸಿ ನೋಡಿ ತಿದ್ದೋದು ನಮ್ಮ ಕೆಲ್ಸ. ಹಳೇ ಅಚ್ಚಲ್ಲಿ ಮಸಿ ಹರಡಿರೋದ್ರಿಂದ ‘ಮರ’ ಹೋಗಿ ‘ವುರ’ ಆಗಿರತ್ತೆ, ‘ಫಲ’ ಹೋಗಿ ‘ಘಲ’, ದೀರ್ಘಗಳನ್ನಂತೂ ಅರ್ಧಕ್ಕರ್ಧ ನುಂಗಿರತ್ತೆ.

ಇವೆಲ್ಲ ಯಾರ ಕಣ್ಣಿಗಾದ್ರೂ ಬೀಳತ್ತೆ ಬಿಡಿ. ನನಗೆ ಮಜಾ ಕೊಡೋದು ಬೀಳದೇ ಇರೋವು. ಬೆಂಗಳೂರು. ಬೆ೦ಗಳೂರು. ಎರಡೂ ಒಂದೇ ಅಲ್ವಾ? ಅಲ್ಲ! ಮೊದಲ್ನೇದ್ರಲ್ಲಿ ಅನುಸ್ವಾರ ಇದೆ, ಎರಡ್ನೇದ್ರಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿದೆ. ಕಂಪ್ಯೂಟರಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಯೂನಿಕೋಡಲ್ಲಿ ಎರಡಕ್ಕೂ ಬೇರೆ ಬೇರೆ ನಂಬರ್, ಹಾಗಾಗಿ ಸರ್ಚ್ ಮಾಡಿದ್ರೆ ಒಂದು ಸಿಗತ್ತೆ ಇನ್ನೊಂದು ಸಿಗಲ್ಲ. ಎಲ್ಲ ಒಟ್ಟಿಗೆ ರಿಪ್ಲೇಸ್ ಹೊಡ್ಯೋಣ ಅಂದ್ರೆ ೧೯೧೦ ಅನ್ನೋ ಇಸವಿ ಹೋಗಿ ೧೯೧ಂ ಆಗಿ ಕೂತ್ಕೊಳತ್ತೆ. ಒಂದೊಂದೇ ಆರಿಸ್ಬೇಕು, ಅಕ್ಕಿಯಲ್ಲಿ ಕಲ್ಲು ಆರಿಸ್ದಂಗೆ. ಅಕ್ಕಿ ಆರ್ಸೋಕೆ ಕೂರ್ಸಿದ್ರೆ ಹತ್ತು ನಿಮಿಷಕ್ಕೆ ಎದ್ದೋಗ್ತೀನಿ, ಅದು ಬೇರೆ ಮಾತು.

ನನ್ನ ಓರಗಿತ್ತಿಗೆ ಒಂದ್ಸಲ ತೋರ್ಸ್ದೆ, ನಾಲ್ಕು ಸಾಲಿಗೆ ತಲೆನೋವು ಅಂತ ಎದ್ದೋದ್ರು. ಅದೇ ಅಕ್ಕ ಯುಗಾದಿಗೆ ನಿಂತಲ್ಲೇ ಅರವತ್ತು ಹೋಳಿಗೆ ತಟ್ತಾರೆ, ಪಕ್ಕದಲ್ಲಿ ಸೀರಿಯಲ್ ಕಥೆ ಬೇರೆ ಹೇಳ್ಕೊಂಡು. ನಾನು ಮಾಡಿದ್ರೆ ಮೂರನೇದಕ್ಕೇ ಹೂರಣ ಆಚೆ ಬಂದಿರತ್ತೆ. ಕೈ ನೋಯಲ್ವಾ ಅಕ್ಕ ಅಂತ ಕೇಳಿದ್ದೆ. "ನೋಯತ್ತೆ ಕಣೆ, ಬೇಜಾರಾಗಲ್ಲ" ಅಂದ್ರು. ನನಗೂ ಹಂಗೇ, ಕಣ್ಣು ಉರಿಯತ್ತೆ ಬೆನ್ನು ಹಿಡ್ಕೊಳತ್ತೆ, ಆದ್ರೆ ಕೂತ್ಕೋ ಅಂತ ನನ್ನನ್ನ ನಾನೇ ತಳ್ಬೇಕಾಗಿ ಬಂದಿಲ್ಲ ಇವತ್ತಿನವರೆಗೂ.

ತಮಾಷೆ ಅಂದ್ರೆ ನನ್ನ ಉದ್ಯೋಗಾನೂ ತಪ್ಪು ಹುಡ್ಕೋದೇ. ಸಾಫ್ಟ್‌ವೇರ್ ಟೆಸ್ಟಿಂಗು. ವಿಜಯನಗರದಲ್ಲಿ ನೇರಳೆ ಮೆಟ್ರೋ ಹತ್ತಿ ವೈಟ್‌ಫೀಲ್ಡ್‌ಗೆ ಹೋಗ್ತೀನಿ, 2023ರಲ್ಲಿ ಆ ಲೈನ್ ಪೂರ್ತಿ ಓಪನ್ ಆಗಿದ್ದು ನನ್ನ ಪುಣ್ಯ. ಹೋದ ವರ್ಷ ಆಫೀಸಲ್ಲಿ ಒಂದು ಆ್ಯಪ್‌ನ ಕನ್ನಡ ಚೆಕ್ ಮಾಡೋಕೆ ನನ್ನನ್ನೇ ಹಾಕಿದ್ರು, ಆಹಾ ಅಂತ ಕುಣಿದೆ. ಎಕ್ಸೆಲ್ ಶೀಟು, ದಿನಕ್ಕೆ ನಾನೂರು ಸಾಲು ಟಾರ್ಗೆಟ್. ‘ತೆರೆ’ ಅಂತ ಒಂದು ಸಾಲು. ಬಾಗಿಲು ತೆರೆಯೋ ತೆರೆಯಾ, ಸಮುದ್ರದ ತೆರೆಯಾ, ಸ್ಕ್ರೀನು ಅನ್ನೋದಕ್ಕೆ ಹಾಕಿದಾರಾ? ಕೇಳಿದ್ರೆ ಉತ್ತರ ಕೊಡೋರಿಲ್ಲ. ಮೂರನೇ ದಿನಕ್ಕೆ ಆಕಳಿಕೆ ಶುರು. ಕನ್ನಡ ಅದೇ, ತಪ್ಪು ಹುಡ್ಕೋಳೂ ನಾನೇ, ಬಲಗಡೆ ಇರೋ ಆ ಫೋಟೋ ಒಂದಿರ್ಲಿಲ್ಲ ಅಷ್ಟೇ. ಮೈಮರೆತು ಕೆಲ್ಸ ಮಾಡೋ ಸ್ಥಿತಿಗೆ ಫ್ಲೋ ಅಂತ ಹೆಸರಿಟ್ಟ ಚಿಕ್‌ಸೆಂಟ್‌ಮಿಹಾಯಿ ಅನ್ನೋ ಮನಶ್ಶಾಸ್ತ್ರಜ್ಞ ಹೇಳೋದೂ ಇದನ್ನೇ, ಕೆಲ್ಸ ನಮ್ಮ ಕೈಲಾಗೋ ಅಷ್ಟೇ ಕಷ್ಟ ಇರ್ಬೇಕು, ಮಾಡಿದ್ದು ಸರಿನಾ ತಪ್ಪಾ ಅಂತ ಆಗಿಂದಾಗ್ಲೇ ಗೊತ್ತಾಗ್ತಿರ್ಬೇಕು. ಶೀಟಲ್ಲಿ ಅದು ಗೊತ್ತಾಗೋ ದಾರಿನೇ ಇರ್ಲಿಲ್ಲ.

ಹಂಗಂತ ಇದು ಹುಟ್ಟುತ್ಲೇ ಬಂದಿದ್ದು ಅಂತ ಜಂಭ ಕೊಚ್ಚಿಕೊಳ್ಳೋಕಾಗಲ್ಲ. ನಮ್ಮ ತಾತ ಚಿಕ್ಕಪೇಟೆಯ ಒಂದು ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ರು. ಕಾಗುಣಿತ, ಒತ್ತಕ್ಷರ ಅಂತ ನೂರಾರು ಥರ ಮೊಳೆ, ಎಲ್ಲ ಕನ್ನಡೀಲಿ ನೋಡ್ದಂಗೆ ತಿರುಗ್ಸಿ ಇರತ್ತೆ. ಬೇಸಿಗೆ ರಜದಲ್ಲಿ ಲಗ್ನಪತ್ರಿಕೆ ಪ್ರೂಫ್ ತಂದು ನನ್ನ ಮುಂದೆ ಇಡ್ತಿದ್ರು, ಅವ್ರು ಜೋರಾಗಿ ಓದೋದು, ನಾನು ಬೆರಳಿಟ್ಕೊಂಡು ನೋಡೋದು, ಒಂದು ತಪ್ಪು ಹಿಡಿದ್ರೆ ಒಂದು ಕೊಬ್ರಿ ಮಿಠಾಯಿ. ಒಂದ್ಸಲ ಚಿ|| ರಾ|| ಇರೋ ಕಡೆ ಚಿ|| ಸೌ|| ಆಗಿದ್ದನ್ನ ಹಿಡ್ದೆ, ಮದುಮಗ ಉಳ್ಕೊಂಡ. ಆಗ ಅದನ್ನ ಆಟ ಅಂದ್ಕೊಂಡಿದ್ದೆ, ಈಗ ನೋಡಿದ್ರೆ ಏಳೆಂಟು ಬೇಸಿಗೆ ಟ್ರೈನಿಂಗು. ‘ನಿನ್ನ ಪ್ಯಾಷನ್ ಹುಡುಕು’ ಅಂತ ಭಾಷಣ ಮಾಡೋರ ಕಂಡ್ರೆ ನನಗೆ ಆಗಲ್ಲ, ಇದಕ್ಕೇ. ನಾನೇನು ಹುಡುಕ್ದೆ? ಮಿಠಾಯಿ ಹುಡುಕ್ದೆ.

ವಿಕಿಸೋರ್ಸಲ್ಲಿ ನಾವು ತಿದ್ದಿದ ಪುಟ ಹಳದಿ ಆಗತ್ತೆ, ಅದನ್ನ ಇನ್ನೊಬ್ರು ನೋಡಿ ಒಪ್ಪಿದ್ರೇನೇ ಹಸಿರು. ನಮ್ಮದನ್ನ ನಾವೇ ಹಸಿರು ಮಾಡೋಕಾಗಲ್ಲ. ಭಾನುವಾರ ಬೆಳಗ್ಗೆ ಕಾಫಿ ಇಟ್ಕೊಂಡು ತೆಗೀತೀನಿ, ರಾತ್ರಿ ನಾನು ಮಾಡಿದ ಒಂದು ಪುಟ ಆಗ್ಲೇ ಹಸಿರಾಗಿದೆ, ಜೊತೆಗೆ ಒಂದು ತಿದ್ದುಪಡಿ. ೧೮೯೦ರಲ್ಲಿ ಸೊನ್ನೆ ಇರೋ ಜಾಗಕ್ಕೆ ಅನುಸ್ವಾರ ಬಿಟ್ಟಿದೀನಿ! ನಾನು! ಹೊಟ್ಟೆ ಉರೀತು. ಯಾರಪ್ಪಾ ಈ ಪುಣ್ಯಾತ್ಮ ಅಂತ ಆ ಪುಟದ ಇತಿಹಾಸ ತೆಗ್ದು ನೋಡಿದ್ರೆ ತಿದ್ದಿರೋ ಟೈಮು ಬೆಳಗಿನ ಜಾವ ಮೂರೂ ನಲವತ್ತು.

ನಮ್ಮನೆಯವ್ರನ್ನ ಕೂಗಿ ಕರ್ದು ತೋರ್ಸ್ದೆ. ಕಣ್ಣು ಕಿರಿದು ಮಾಡಿ ಎರಡನ್ನೂ ನೋಡಿದ್ರು, "ಎರಡೂ ಒಂದೇ ಅಲ್ವೇನೇ, ಕಾಫಿ ಆರೋಗತ್ತೆ ಕುಡಿ" ಅಂದ್ರು.